ಮೆಟ್ಟಿಲು, ಸುತ್ತಿಗೆ ಮತ್ತು ಹುಡುಕುವ ಪೆಟ್ಟಿಗೆ

ಗ್ರಂಥಾಲಯದ ಕಂಪ್ಯೂಟರಿಗೆ ನಾನು ಮೊತ್ತಮೊದಲು ಬರೆದದ್ದು ಒಂದು ಅರ್ಜಿ. ಪರದೆಯ ಮೇಲೆ ಉದ್ದನೆಯ ಬಿಳಿ ಪೆಟ್ಟಿಗೆ, ಅದರೊಳಗೆ ಮಿನುಗುವ ಒಂದು ಗೆರೆ. ಮೂವತ್ತೆಂಟು ವರ್ಷ ವಕೀಲರ ಆಫೀಸಿನಲ್ಲಿ ಸ್ಟೆನೋ ಆಗಿದ್ದವಳಿಗೆ ಅಂಥ ಖಾಲಿ ಜಾಗ ಕಂಡರೆ ಬೆರಳು ತಾನಾಗಿ ವಿನಯಕ್ಕೆ ಇಳಿಯುತ್ತದೆ. ಗ್ರಾಂಟ್ ರೋಡಿನ ರಾಯರ ಹೋಟೆಲಿನ ಕಟ್ಟಡದಲ್ಲಿ ಮೆಟ್ಟಿಲು ಕುಸಿದ ಬಗ್ಗೆ ಪ್ರಕಟವಾದ ಸುದ್ದಿಯನ್ನು ದಯವಿಟ್ಟು ತೋರಿಸಬೇಕು ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಕೊನೆಗೆ ಪೂರ್ಣವಿರಾಮವನ್ನೂ ಇಟ್ಟೆ.

ಯಂತ್ರ ನನ್ನ ಅರ್ಜಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡದ್ದು ‘ದಯವಿಟ್ಟು’ ಎಂಬ ಪದವನ್ನು. ದಯವಿಟ್ಟು ರೈಲಿನಲ್ಲಿ ಉಗುಳಬೇಡಿ ಎಂಬ ಸಂಪಾದಕರಿಗೆ ಪತ್ರ, ದಯವಿಟ್ಟು ನೀರು ಉಳಿಸಿ ಎಂಬ ಪ್ರಕಟಣೆ, ಹೋಟೆಲುಗಳಲ್ಲಿ ಸಭ್ಯತೆ ಕಡಿಮೆಯಾಗುತ್ತಿದೆ ಎಂಬ ಒಂದು ಲೇಖನ. ಸಭ್ಯತೆಯ ಲೇಖನವನ್ನು ಅರ್ಧದವರೆಗೂ ಓದಿದೆ. ಅದರಲ್ಲಿ ಹೇಳಿದ್ದೆಲ್ಲ ನಿಜ.

ಕೌಂಟರಿನಲ್ಲಿದ್ದ ಮರಾಠಿ ಹುಡುಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ನಕ್ಕಳು. “ಕಾಕೂ, ಎವ್ಢಂ ನಕೋ. ದೋನ್-ತೀನ್ ಶಬ್ದ ಪುರೇ.” ಇಷ್ಟೆಲ್ಲ ಬೇಡ, ಎರಡು ಮೂರು ಪದ ಸಾಕು.

ಎರಡು ಮೂರು ಪದ ಸಾಕು ಎಂದು ನನ್ನ ವೃತ್ತಿಯಲ್ಲಿ ಯಾರೂ ಹೇಳಿದವರಿಲ್ಲ. ನಮ್ಮ ವಕೀಲರು ಹೇಳುತ್ತಿದ್ದದ್ದು ಇದಕ್ಕೆ ಪೂರ್ತಿ ಉಲ್ಟಾ. ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೋ, ಬೇಡದ್ದನ್ನು ಹೊಡೆದುಹಾಕುವುದು ನನ್ನ ಕೆಲಸ ಎನ್ನುತ್ತಿದ್ದರು. ಹೀಗೆ ಬರೆದು ಬರೆದು ನನಗೊಂದು ಚಟ ಅಂಟಿಕೊಂಡಿದೆ. ಯಾರಾದರೂ ಹತ್ತಿರದಲ್ಲಿ ಮಾತಾಡಿದರೆ ನನ್ನ ಬಲಗೈಯ ತೋರುಬೆರಳು ಅದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆಯುತ್ತಿರುತ್ತದೆ. ಲೋಕಲ್‌ನಲ್ಲಿ ಕೂತರೆ ತೊಡೆಯ ಮೇಲೆ, ಮದುವೆಯ ಊಟದಲ್ಲಿ ಎಲೆಯ ಅಂಚಿನಲ್ಲಿ. ಮನೆಯಲ್ಲಿ ತಂಗಿ ಬೈಯುತ್ತಿರುವಾಗ ನನ್ನ ಬೆರಳು ಸೋಫಾದ ಕೈಯ ಮೇಲೆ ಅವಳ ಬೈಗುಳವನ್ನು ಒಂದಕ್ಷರ ಬಿಡದೆ ದಾಖಲಿಸುತ್ತಿತ್ತು. ಅದನ್ನು ಕಂಡು ಅವಳು ಇನ್ನಷ್ಟು ಬೈಯುತ್ತಿದ್ದಳು. ಈ ಚಟವನ್ನು ಇಲ್ಲಿ ಹೇಳಿಕೊಳ್ಳಲು ಕಾರಣವಿದೆ. ಮುಂದೆ ಬೇಕಾಗುತ್ತದೆ.

ಹಳೆಯ ಪೇಪರು ಹುಡುಕಲು ನಾನು ಹೋದದ್ದು ಎಲ್ಲಪ್ಪನಿಗಾಗಿ. ಎಲ್ಲಪ್ಪ ಸಯನ್‌ನಲ್ಲಿರುವ ನಮ್ಮ ಬಿಲ್ಡಿಂಗಿನ ವಾಚ್‌ಮನ್. ವಿಜಯಪುರದ ಕಡೆಯವನು, ವೃತ್ತಿಯಲ್ಲಿ ಗೌಂಡಿ, ಗಾರೆ ಕೆಲಸದವನು. ಇಲ್ಲ, ಗೌಂಡಿಯಾಗಿದ್ದವನು ಎನ್ನಬೇಕು. ಒಂಬತ್ತು ವರ್ಷದ ಹಿಂದೆ ಗ್ರಾಂಟ್ ರೋಡಿನ ಒಂದು ಹಳೆಯ ಕಟ್ಟಡದ ಮರದ ಮೆಟ್ಟಿಲು ಕುಸಿದಾಗ ಅವನ ಎಡಗಾಲು ಅದರಡಿಗೆ ಸಿಕ್ಕಿತು. ಕಾಲು ಕೂಡಿಕೊಂಡಿತು, ಕೆಲಸ ಕೂಡಿಬರಲಿಲ್ಲ. ಅವನೇ ಸುತ್ತಿಗೆ ಹೊಡೆದು ಮೆಟ್ಟಿಲು ಬೀಳಿಸಿದ ಎಂಬ ಮಾತು ಹಬ್ಬಿ ಯಾವ ಕಾಂಟ್ರಾಕ್ಟರನೂ ಅವನನ್ನು ಕರೆಯಲಿಲ್ಲ. ನಾನು ಆಸ್ಪತ್ರೆಗೆ ಅವನನ್ನು ನೋಡಲು ಹೋಗುತ್ತಿದ್ದೆ. ನಮ್ಮ ಸೊಸೈಟಿಯಲ್ಲಿ ವಾಚ್‌ಮನ್ ಜಾಗ ಖಾಲಿಯಾದಾಗ ಅವನ ಹೆಸರು ಹೇಳಿದವಳೂ ನಾನೇ. ಆ ಬಗ್ಗೆ ನನಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು.

ಈ ವರ್ಷ ನಮ್ಮ ಬಿಲ್ಡಿಂಗಿನ ದುರಸ್ತಿ ಶುರುವಾಗಲಿತ್ತು. ಗೋಡೆ, ಮೆಟ್ಟಿಲು, ಸಜ್ಜಾ ಎಲ್ಲವೂ. ಎಲ್ಲಪ್ಪ ಕಾಂಟ್ರಾಕ್ಟರನ ಬಳಿ ಹೋಗಿ, ಭಾರ ಎತ್ತುವುದು ಆಗಲಿಕ್ಕಿಲ್ಲ, ಗೋಡೆಗೆ ಗಿಲಾವು ಬಳಿಯುವ ಕೆಲಸಕ್ಕಾದರೂ ತೆಗೆದುಕೊಳ್ಳಿ ಎಂದು ಕೇಳಿದ. ಕಾಂಟ್ರಾಕ್ಟರ್ ಅವನ ಕಾಲನ್ನೂ ಮುಖವನ್ನೂ ನೋಡಿ, “ತೂ ವಹೀ ಹೈ ನಾ, ಗ್ರಾಂಟ್ ರೋಡ್‌ವಾಲಾ? ಪೇಪರ್ ಮೇ ಆಯಾ ಥಾ” ಎಂದನಂತೆ. ಭಾನುವಾರದ ಸೊಸೈಟಿ ಮೀಟಿಂಗಿನಲ್ಲಿ ಇದು ತೀರ್ಮಾನವಾಗಬೇಕಿತ್ತು. ಎಲ್ಲಪ್ಪನ ಮಗಳು ಭಾರತಿ ಕಾಲೇಜು ಓದುವವಳು. ಅವಳು ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು.

“ಆಂಟಿ, ಪೇಪರ್‌ನಾಗ ಪಪ್ಪಾನ ಬಗ್ಗೆ ಏನ್ ಬಂದಿತ್ತು, ಆ್ಯಕ್ಚುಲಿ? ಎಲ್ಲಾರೂ ಬೋಲ್ತೇ ಹೈ, ಯಾರೂ ನೋಡಿಲ್ಲ. ಲೈಬ್ರರಿ ಡೇಟಾಬೇಸ್‌ನಾಗ ಸಿಗ್ತದ. ನಾ ಹುಡಕಬಹುದು. ಆದ್ರ...” ಅವಳು ಚಪ್ಪಲಿಯ ತುದಿ ನೋಡಿದಳು. “ಖರಾಬ್ ಬರ್ದಿದ್ರ ಮೊದ್ಲು ನಂಗ ಸಿಗೋದು ಬ್ಯಾಡ.”

ನಾನು ಹುಡುಕುತ್ತೇನೆ ಎಂದೆ. ಕಾಗದ ಪತ್ರ ಹುಡುಕುವುದರಲ್ಲಿ ಜೀವನ ಸವೆಸಿದವಳು, ಪೇಪರಿನಲ್ಲಿ ಹಾಗೆಲ್ಲ ಬಂದಿರಲಾರದು, ಕಾಂಟ್ರಾಕ್ಟರರು ಕಟ್ಟಿದ ಕಥೆ ಎಂದು ಧೈರ್ಯವನ್ನೂ ಹೇಳಿದೆ. ಆ ಸುದ್ದಿಯನ್ನು ನಾನು ಆಗ ಓದಿರಲಿಲ್ಲ. ಮೆಟ್ಟಿಲು ಬಿದ್ದ ಮೇಲೆ ನಾಲ್ಕು ದಿನ ನಾನು ಹಾಸಿಗೆ ಬಿಟ್ಟು ಏಳಲಿಲ್ಲ, ಪೇಪರು ಮುಟ್ಟಲಿಲ್ಲ. ಮೆಟ್ಟಿಲು ಬಿದ್ದಾಗ ನಾನು ಅದರಿಂದ ಎಂಟು ಹೆಜ್ಜೆ ದೂರದಲ್ಲಿ ಕಾಫಿ ಕುಡಿಯುತ್ತಿದ್ದೆ.

ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಸಂಜೆ ನಾಲ್ಕೂಕಾಲು. ರಾಯರ ಹೋಟೆಲಿನ ಪಕ್ಕದ ಬಾಗಿಲು ಮೆಟ್ಟಿಲಿನ ಬುಡಕ್ಕೆ ತೆರೆಯುತ್ತಿತ್ತು. ನಾನು ಆ ಬಾಗಿಲಿಗೆ ಎದುರಾದ ಮೇಜಿನಲ್ಲಿದ್ದೆ. ಒಬ್ಬ ಗೌಂಡಿ ಮೆಟ್ಟಿಲ ಪಕ್ಕದ ಗೋಡೆಯನ್ನು ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಒಂದು ಕಡೆ ತಟ್ಟಿದವನು ಅಲ್ಲೇ ಮತ್ತೆ ತಟ್ಟಿದ. ಮೂರನೆಯ ಸಲ ತಟ್ಟಿ ಕೆಳಗಿಳಿದು, ಮೆಟ್ಟಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತುಬಿಟ್ಟ. ಮೇಲಿನ ಮಾಳಿಗೆಯಲ್ಲಿ ಟ್ಯೂಷನ್ ಕ್ಲಾಸ್ ಇತ್ತು. ಪುಸ್ತಕದ ಚೀಲ ಹೊತ್ತ ಏಳೆಂಟು ಮಕ್ಕಳು ಬಂದವು. “ಊಪರ್ ನಹೀ ಜಾನೇ ಕಾ” ಎಂದ. ಮಕ್ಕಳು ನಕ್ಕು ನುಗ್ಗಲು ನೋಡಿದಾಗ ಅವನ ಹಿಂದಿ ಮುಗಿದುಹೋಯಿತು. “ಏ ತಂಗೀ, ಹತ್ತಬ್ಯಾಡ. ಮೆಟ್ಟಲದಾಗ ಜೀವ ಇಲ್ಲ.”

ಹಣದ ಗಲ್ಲೆಯಲ್ಲಿ ಕೂತಿದ್ದ ರಾಯರು ಕುತ್ತಿಗೆ ಚಾಚಿದರು. “ಎಂಥದು ಮಾರಾಯ ನಿಂದು ಗಲಾಟೆ? ಗಿರಾಕಿಗಳು ಹೆದರ್ತಾರೆ.”

“ಹೆದರ್ಲಿ ಬಿಡ್ರಿ ರಾಯರ. ಹೆದರಿದ್ರ ಬದಕ್ತಾರ.”

ಈ ಮಾತುಗಳಲ್ಲಿ ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ಏಕೆಂದರೆ ನೀರಿನ ಲೋಟ ಇಟ್ಟು ಒದ್ದೆಯಾದ ಮೇಜಿನ ಅಮೃತಶಿಲೆಯ ಮೇಲೆ ನನ್ನ ಬೆರಳು ಅವನ್ನು ಬರೆಯುತ್ತಿತ್ತು. ಮಕ್ಕಳು ಹಿಂದಕ್ಕೆ ಸರಿದವು. ಆಮೇಲೆ ಅವನು ಮೂರನೆಯ ಮೆಟ್ಟಿಲು ಹತ್ತಿ, ಗೋಡೆಯ ಮೇಲಿನ ಕಬ್ಬಿಣದ ನೀರಿನ ಪೈಪಿಗೆ ಸುತ್ತಿಗೆಯಿಂದ ಜೋರಾಗಿ ಹೊಡೆಯತೊಡಗಿದ. ಮೇಲಿದ್ದವರು ಹೊರಬಂದು ಕೇಳಲಿ, ಹಿಂದಿನ ಮೆಟ್ಟಿಲಿನಿಂದ ಇಳಿಯಲಿ ಎಂದು. ಅವರು ಕೇಳಿದರು, ಇಳಿದರು. ಅವನು ಮಾತ್ರ ಇಳಿಯುವುದರೊಳಗೆ ಮೇಲಿನಿಂದ ಮೆಟ್ಟಿಲು ಬಂತು. ಸದ್ದಿಗಿಂತ ಮೊದಲು ಧೂಳು ಬಂತು ಎಂದು ನನ್ನ ನೆನಪು. ಹಾಗಾಗುವುದು ಸಾಧ್ಯವಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಅಂದಿನಿಂದ ನಾನು ಯಾವ ಮೆಟ್ಟಿಲನ್ನಾದರೂ ಗೋಡೆಯ ಬದಿಗೇ, ಎಣಿಸಿಕೊಂಡೇ ಹತ್ತುತ್ತೇನೆ. ನಮ್ಮ ಮನೆಗೆ ಮೂವತ್ತನಾಲ್ಕು.

ಹುಡುಕುವ ಪೆಟ್ಟಿಗೆಗೆ ಮರಳೋಣ. ವಿನಯವನ್ನು ಬಿಟ್ಟು ‘ಮೆಟ್ಟಿಲು’ ಎಂಬ ಒಂದೇ ಪದ ಕೊಟ್ಟೆ. ಯಂತ್ರ ಮುಂಬಯಿಯ ಸಕಲ ಮೆಟ್ಟಿಲುಗಳನ್ನೂ ನನ್ನ ಮುಂದೆ ಸುರಿಯಿತು. ಸ್ಟೇಷನ್ನಿನ ಚಲಿಸುವ ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಹೃದಯಕ್ಕೆ ಒಳ್ಳೆಯದು ಎನ್ನುವ ಡಾಕ್ಟರು, ಯಶಸ್ಸಿನ ಮೆಟ್ಟಿಲು ಹತ್ತಿದ ಉದ್ಯಮಿಗಳ ಒಂದು ಸಾಲು. ಕೌಂಟರಿನ ಹುಡುಗಿ ಆಂಡ್, ಆರ್, ನಾಟ್ ಎಂಬ ಮೂರು ಪದಗಳನ್ನು ಕಲಿಸಿಕೊಟ್ಟಳು. ಎರಡು ಪದಗಳ ನಡುವೆ ಆಂಡ್ ಇಟ್ಟರೆ ಎರಡೂ ಇರುವ ಸುದ್ದಿ ಮಾತ್ರ ಬರುತ್ತದೆ. ಆರ್ ಇಟ್ಟರೆ ಯಾವುದೊಂದು ಇದ್ದರೂ ಬರುತ್ತದೆ. ನಾಟ್ ಇಟ್ಟರೆ ಆ ಪದವಿರುವುದೆಲ್ಲ ಕಣ್ಣಿಂದ ಮರೆಯಾಗುತ್ತದೆ.

ಆಂಡ್ ನನಗೆ ಹೊಸದೇನೂ ಆಗಿರಲಿಲ್ಲ. ನಾನು ಬೆಳೆದ ಚಾಳಿನಲ್ಲಿ ಯಾರನ್ನಾದರೂ ಹುಡುಕಿಕೊಂಡು ಬಂದವರು ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೊಲಿಗೆ ಮಿಷನ್ ಇರುವವರು ಎಂದರೆ ಐದು ಮನೆ, ಮೂರನೆಯ ಮಾಳಿಗೆ ಎಂದರೆ ಹದಿನಾಲ್ಕು ಮನೆ. ಹೊಲಿಗೆ ಮಿಷನ್, ಮೂರನೆಯ ಮಾಳಿಗೆ ಎರಡೂ ಹೇಳಿದರೆ ಮಾತ್ರ ನಮ್ಮ ಮನೆ. ಚಾಳಿನ ಮಕ್ಕಳಾದ ನಾವು ಬಂದವರನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಿದ್ದೆವು. ಕಂಪ್ಯೂಟರು ಆ ಮಕ್ಕಳ ಕೆಲಸವನ್ನೇ ಮಾಡುತ್ತದೆ, ಚಾಕಲೇಟು ಕೇಳುವುದಿಲ್ಲ ಅಷ್ಟೆ.

ಹಾಗಾಗಿ ಧೈರ್ಯದಿಂದ ‘ಮೆಟ್ಟಿಲು’ ಆಂಡ್ ‘ರಾಯರ ಹೋಟೆಲು’ ಎಂದು ಕೊಟ್ಟೆ. ಫಲಿತಾಂಶ ಸೊನ್ನೆ. ಹೋಟೆಲಿನ ಬೋರ್ಡಿನ ಮೇಲಿದ್ದ ಹೆಸರು ನೆನಪಿಸಿಕೊಂಡು ಕೊಟ್ಟೆ. ಸೊನ್ನೆ. ಎರಡು ಮಧ್ಯಾಹ್ನ ಹೀಗೇ ಕಳೆದವು. ತಪ್ಪು ಎಲ್ಲಿದೆ ಎಂದು ಹೊಳೆದದ್ದು ಕೌಂಟರಿನ ಹುಡುಗಿ ಒಂದು ಸಾಧಾರಣ ಪ್ರಶ್ನೆ ಕೇಳಿದಾಗ: ಕಟ್ಟಡದ ಹೆಸರೇನು ಕಾಕೂ?

ನನಗೆ ಗೊತ್ತಿರಲಿಲ್ಲ. ಕರಾವಳಿಯಿಂದ ಬಂದ ನಮಗೆ ಮುಂಬಯಿಯ ನಕ್ಷೆ ಎಂದರೆ ಹೋಟೆಲುಗಳ ನಕ್ಷೆ. ಹಲ್ಲಿನ ಡಾಕ್ಟರು ಎಲ್ಲಿ ಎಂದರೆ ಶೆಟ್ಟರ ಹೋಟೆಲಿನ ಮೇಲೆ. ಹುಡುಗನ ಮನೆ ಎಲ್ಲಿ ಎಂದರೆ ಹಿಂದೆ ಭಟ್ಟರ ಹೋಟೆಲಿತ್ತಲ್ಲ, ಅದರ ಪಕ್ಕದ ಗಲ್ಲಿ. ಆ ಹೋಟೆಲು ಮುಚ್ಚಿ ಇಪ್ಪತ್ತು ವರ್ಷವಾಗಿ ಅಲ್ಲೀಗ ಮೊಬೈಲ್ ಅಂಗಡಿಯಿದ್ದರೂ ನಮಗೆ ಅದು ಭಟ್ಟರ ಹೋಟೆಲಿನ ಗಲ್ಲಿಯೇ. ನಾಲ್ಕು ಮಾಳಿಗೆಯ ಕಲ್ಲಿನ ಕಟ್ಟಡವನ್ನು ಹನ್ನೊಂದು ವರ್ಷ ದಿನಾ ಸಂಜೆ ಕಾಫಿಗೆ ಹೋಗಿ ನೋಡಿದ್ದೇನೆ. ಆದರೆ ಅದು ರಾಯರ ಇಡ್ಲಿಯ ಮೇಲೆ ನಿಂತಿದೆ ಎಂದಷ್ಟೇ ನಾನು ತಿಳಿದಿದ್ದದ್ದು. ಪೇಪರಿನವನು ಇಡ್ಲಿ ತಿಂದಿರಲಿಲ್ಲ, ಅವನು ಬೋರ್ಡು ಓದಿರಬೇಕು.

ಮರುದಿನ ಸಯನ್‌ನಿಂದ ಲೋಕಲ್ ಹಿಡಿದು, ದಾದರಿನಲ್ಲಿ ಸೇತುವೆ ಹತ್ತಿ ಆ ಕಡೆಯ ಲೈನಿಗೆ ಇಳಿದು ಗ್ರಾಂಟ್ ರೋಡಿಗೆ ಹೋದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಎದುರಿನ ಫುಟ್‌ಪಾತಿನಲ್ಲಿ ನಿಂತು ತಲೆಯೆತ್ತಿ ನೋಡಿದರೆ ಎರಡನೆಯ ಮಾಳಿಗೆಯ ಎತ್ತರದಲ್ಲಿ, ಕಲ್ಲಿನಲ್ಲಿ ಕೊರೆದ ದಪ್ಪ ಅಕ್ಷರ: ಯಾವುದೋ ಸೇಠರ ತಾಯಿಯ ಹೆಸರು, ಮುಂದೆ ಮ್ಯಾನ್ಶನ್. ಅಂಗೈಯಗಲದ ಅಕ್ಷರಗಳು. ಕಣ್ಣೆದುರಿಗಿದ್ದದ್ದನ್ನು ಹನ್ನೊಂದು ವರ್ಷ ಕಾಣದವಳು ಪ್ರತ್ಯಕ್ಷದರ್ಶಿ ಎಂದು ಓಡಾಡುತ್ತಿದ್ದೆ. ರಾಯರ ಹೋಟೆಲಿನ ಜಾಗದಲ್ಲಿ ಈಗ ಬ್ಯಾಗಿನ ಅಂಗಡಿ. ಪಕ್ಕದ ಬಾಗಿಲಲ್ಲಿ ಕಬ್ಬಿಣದ ಮೆಟ್ಟಿಲು. ದೂರದಿಂದಲೇ ಎಣಿಸಿದೆ, ಹತ್ತಲಿಲ್ಲ.

ಸೇಠರ ತಾಯಿಯ ಹೆಸರಿಗೆ ‘ಮೆಟ್ಟಿಲು’ ಸೇರಿಸಿ ಕೊಟ್ಟಾಗ ಯಂತ್ರ ಒಂದು ಕ್ಷಣವೂ ತಡಮಾಡಲಿಲ್ಲ. ಒಂದೇ ಸುದ್ದಿ. ಒಳಪುಟದ ಮೂಲೆಯಲ್ಲಿ ಒಂಬತ್ತು ಸಾಲು. ಹುಡುಕಿದ ಪದಗಳನ್ನು ಯಂತ್ರ ಹಳದಿ ಬಣ್ಣದಲ್ಲಿ ತೋರಿಸುತ್ತದೆ. ನನ್ನ ಕಣ್ಣು ಹಳದಿಯಿಂದ ಹಳದಿಗೆ ಹಾರಿ ಕೊನೆಯ ಮೂರು ಸಾಲಿಗೆ ಬಂತು. ಅಲ್ಲಿ ಹೀಗಿತ್ತು: ‘ಕೆಳಗಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಮಹಿಳೆಯೊಬ್ಬರು, ಗೌಂಡಿಯು ಸುತ್ತಿಗೆಯಿಂದ ಜೋರಾಗಿ ಹೊಡೆಯುತ್ತಿದ್ದ, ಆಗ ಮೆಟ್ಟಿಲು ಕುಸಿಯಿತು ಎಂದರು.’

ಹೋಟೆಲಿನಲ್ಲಿ ಆ ಹೊತ್ತಿಗೆ ನಾನಲ್ಲದೆ ಐದು ಜನ ಗಿರಾಕಿಗಳಿದ್ದರು. ಐವರೂ ಗಂಡಸರು.

ಆ ವಾಕ್ಯದಲ್ಲಿ ಸುಳ್ಳಿಲ್ಲ. ಅವನು ಹೊಡೆಯುತ್ತಿದ್ದ, ಜೋರಾಗಿ ಹೊಡೆಯುತ್ತಿದ್ದ, ಮೆಟ್ಟಿಲು ಕುಸಿಯಿತು. ಕೈಯಲ್ಲಿ ನೋಟ್‌ಬುಕ್ ಹಿಡಿದ ಒಬ್ಬ ತರುಣ ಧೂಳಿನ ನಡುವೆ ನನ್ನನ್ನು ಏನೋ ಕೇಳಿದ್ದು ಮಸುಕಾಗಿ ನೆನಪಿದೆ. ಮಕ್ಕಳನ್ನು ತಡೆದದ್ದನ್ನು ಅವನಿಗೆ ಹೇಳಿದೆನೇ? ಹೊಡೆದದ್ದು ಪೈಪಿಗೆ ಎಂದೆನೇ? ಹೇಳಿಯೂ ಅವನು ಬಿಟ್ಟನೋ, ನಾನೇ ಅಲ್ಲಿಗೆ ನಿಲ್ಲಿಸಿದೆನೋ? ಗೊತ್ತಿಲ್ಲ. ಎಲ್ಲಪ್ಪನ ಮಾತು, ರಾಯರ ಮಾತು, ಒಂದಕ್ಷರ ಬಿಡದೆ ನನ್ನಲ್ಲಿದೆ. ನನ್ನ ಮಾತು ಇಲ್ಲ. ಸ್ಟೆನೋ ಆದವಳು ತಾನು ಆಡಿದ್ದನ್ನು ಬರೆದುಕೊಳ್ಳುವುದಿಲ್ಲ.

ನಾಟ್ ಎಂಬ ಪದ ನನಗೆ ಅರ್ಥವಾದದ್ದು ಆಗ. ಯಂತ್ರಕ್ಕೆ ನಾಟ್ ಎಂದರೆ ಅದು ಆ ಸುದ್ದಿಯನ್ನು ಸುಡುವುದಿಲ್ಲ, ಹರಿಯುವುದಿಲ್ಲ, ತೋರಿಸುವುದಿಲ್ಲ, ಅಷ್ಟೆ. ಸುದ್ದಿ ಇದ್ದಲ್ಲೇ ಇರುತ್ತದೆ. ಒಂಬತ್ತು ವರ್ಷ ನಾನು ಆ ಸಂಜೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ನೋಟ್‌ಬುಕ್ಕಿನ ತರುಣನ ವಿಷಯ ಒಂದನ್ನು ಬಿಟ್ಟು.

ಪ್ರಿಂಟ್ ತೆಗೆಸಿ, ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡು ಬಂದೆ. ದಾರಿಯಲ್ಲಿ ಒಂದು ಹೇಡಿ ಯೋಚನೆಯೂ ಬಂತೆಂದು ಒಪ್ಪಿಕೊಳ್ಳಬೇಕು: ಸಿಗಲಿಲ್ಲ ಎಂದುಬಿಡಬಹುದು. ಡೇಟಾಬೇಸಿನಲ್ಲಿ ಎಷ್ಟೋ ಸಿಗುವುದಿಲ್ಲ. ಯಾರೂ ನನ್ನನ್ನು ತಪ್ಪೆನ್ನುವುದಿಲ್ಲ. ಗೇಟಿಗೆ ಬಂದಾಗ ಎಲ್ಲಪ್ಪ ಸ್ಟೂಲಿನ ಮೇಲೆ ಎಡಗಾಲು ಚಾಚಿ ಕೂತಿದ್ದ. ಭಾರತಿ ಪಕ್ಕದಲ್ಲಿ ನಿಂತು ಫೋನು ನೋಡುತ್ತಿದ್ದಳು. ನನ್ನನ್ನು ಕಂಡು ಅವನು ಎಂದಿನಂತೆ ಏಳಲು ಹೊರಟ. ಅವನು ಏಳುವುದನ್ನು ನೋಡಲಾಗಲಿಲ್ಲ.

“ಕೂತ್ಕೋ ಎಲ್ಲಪ್ಪ. ಪೇಪರ್ ಸಿಕ್ತು. ನೀನು ಹೊಡೀತಾ ಇದ್ದೆ, ಆಗ ಮೆಟ್ಟಿಲು ಬಿತ್ತು ಅಂತ ಬಂದಿದೆ. ಹಾಗೆ ಹೇಳಿದವಳು ನಾನೇ.”

ಭಾರತಿ ಕಾಗದ ಕಸಿದುಕೊಂಡು ಓದಿದಳು. ಎರಡು ಸಲ. “ನೌ ಸಾಲ್, ಆಂಟಿ” ಎಂದಳು. “ಒಂಬತ್ತ ವರ್ಷ ಪಪ್ಪಾ ಗೇಟ್ ಖೋಲ್ ರಹೇ ಹೈ, ನಿಮ್ಗೂ ಸಲಾಂ ಹೊಡದು.”

“ಸುಮ್ನಿರು” ಎಂದ ಎಲ್ಲಪ್ಪ. ನನ್ನ ಕಡೆ ತಿರುಗಿ ಕೇಳಿದ: “ಸುಳ್ಳ ಹೇಳಿದ್ರೇನ್ರಿ ಅಕ್ಕಾರ?”

“ಇಲ್ಲ.”

“ಮತ್ತ?”

“ಪೂರ್ತಿ ಹೇಳಿದ ಹಾಗೆ ಕಾಣೋದಿಲ್ಲ.”

“ಹಂಗಾರ ಈಗ ಪೂರ್ತಿ ಹೇಳ್ರಿ. ಮೀಟಿಂಗ್ ಐತವಾರ ಐತಿ.”

ಕ್ಷಮಿಸಿದನೇ ಎಂದು ನೀವು ಕೇಳಿದರೆ ನನ್ನ ಬೆರಳಲ್ಲಿ ಅಂಥ ಮಾತೇನೂ ದಾಖಲಾಗಿಲ್ಲ.

ಭಾರತಿ ಮುಖ ಗಂಟು ಹಾಕಿಕೊಂಡೇ ಫೋನಿನಲ್ಲಿ ಖಾಲಿ ಪುಟ ತೆರೆದಳು. “ಬೋಲೋ. ನಾ ಟೈಪ್ ಮಾಡ್ತೀನಿ.” ಮೂವತ್ತೆಂಟು ವರ್ಷ ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಂಡವಳು ಮೊದಲ ಸಲ ಡಿಕ್ಟೇಷನ್ ಕೊಡಲು ಬಾಯಿ ತೆರೆದೆ. ಅದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ನಮ್ಮ ವಕೀಲರು ಮಾತಿನ ನಡುವೆ ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದರು, ನಾನು ಮನಸ್ಸಿನಲ್ಲೇ ಬೇಗ ಹೇಳಬಾರದೇ ಎಂದುಕೊಳ್ಳುತ್ತಿದ್ದೆ. ಈಗ ನಾನೂ ಗೇಟಿನ ಸರಳು ಹಿಡಿದು ನಿಂತೆ. ನಾಲ್ಕೂಕಾಲು ಎಂದೆ. ಏಳೆಂಟು ಮಕ್ಕಳು ಎಂದೆ. ಪೈಪು ಎಂದೆ, ಮತ್ತೆ ಕಬ್ಬಿಣದ ನೀರಿನ ಪೈಪು ಎಂದು ತಿದ್ದಿಸಿದೆ. “ಮೆಟ್ಟಲದಾಗ ಜೀವ ಇಲ್ಲ” ಎಂಬಲ್ಲಿಗೆ ಬಂದಾಗ ಹುಡುಗಿಯ ಹೆಬ್ಬೆರಳು ನಿಂತಿತು.

“ಪಪ್ಪಾ, ಹಿಂಗಂದಿದ್ದೆ ನೀ?”

“ನಂಗೇನ್ ನೆನಪೈತವ್ವಾ” ಎಂದ ಎಲ್ಲಪ್ಪ. “ಅಕ್ಕಾರ ಅಂತಾರಂದ್ರ ಅಂದಿರಬೇಕ.”

ಭಾನುವಾರ ಅದನ್ನು ಮೀಟಿಂಗಿನಲ್ಲಿ ನಾನೇ ನಿಂತು ಓದಿದೆ, ಕೆಳಗೆ ನನ್ನ ಸಹಿ, ಫ್ಲ್ಯಾಟ್ ನಂಬರು. ಪ್ರಿಂಟನ್ನೂ ಜೊತೆಗಿಟ್ಟೆ, ಮೊದಲಿನದ್ದನ್ನು ಬಚ್ಚಿಟ್ಟು ಎರಡನೆಯದನ್ನು ತೋರಿಸುವುದು ಮತ್ತೊಂದು ನಾಟ್ ಆಗುತ್ತಿತ್ತು. ಸಭೆಯಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. ಕಾರ್ಯದರ್ಶಿ ಪಾರ್ಕಿಂಗಿನ ವಿಷಯ ಬಾಕಿಯಿದೆ ಎಂದು ಗಡಿಯಾರ ನೋಡಿದರು. ಕಾಂಟ್ರಾಕ್ಟರ್ ಮಾತ್ರ ಎಲ್ಲಪ್ಪನನ್ನು ಕೇಳಿದ, ತಟ್ಟಿ ನೋಡಿದರೆ ಪೊಳ್ಳು ಗೊತ್ತಾಗುತ್ತದೆಯೇ? “ಸಮಝತಾ ಹೈ ಸೇಠ್” ಎಂದ ಎಲ್ಲಪ್ಪ. ಕಾಂಟ್ರಾಕ್ಟರ್ ಗಲ್ಲ ಕೆರೆದುಕೊಂಡು, “ಪಂದ್ರಾ ದಿನ್ ದೇಖತೇ ಹೈ” ಎಂದ.

ಈ ಬರಹವನ್ನು ಬರೆಯುತ್ತಿರುವಾಗ ಹದಿನೈದರಲ್ಲಿ ನಾಲ್ಕನೆಯ ದಿನ. ಭಾರತಿ ಇನ್ನೂ ನನ್ನ ಜೊತೆ ಪೂರ್ತಿ ಮಾತಾಡುವುದಿಲ್ಲ. ನಿನ್ನೆ ಮೆಟ್ಟಿಲಲ್ಲಿ ಎದುರಾದಾಗ ಒಂದು ಸಲಹೆ ಮಾತ್ರ ಕೊಟ್ಟಳು: ಇದನ್ನೆಲ್ಲ ಬರೆಯುವುದಾದರೆ ಮುಂದೆ ಹುಡುಕುವವರಿಗೆ ಸಿಗುವಂಥ ಪದಗಳನ್ನು ಒಳಗೆ ಹಾಕಬೇಕಂತೆ. ಹಾಕಿದ್ದೇನೆ. ಗ್ರಾಂಟ್ ರೋಡ್, ಮೆಟ್ಟಿಲು, ಸುತ್ತಿಗೆ, ಪೈಪು, ಮಕ್ಕಳು, ಎಲ್ಲಪ್ಪ. ಎಲ್ಲದರ ನಡುವೆ ಆಂಡ್.

ಹೊರಗೆ ಮೆಟ್ಟಿಲಿನ ಗೋಡೆಯಲ್ಲಿ ಸದ್ದು ಕೇಳುತ್ತಿದೆ. ಟಕ್. ಟಕ್. ಸುತ್ತಿಗೆ ಒಂದು ಕಡೆ ತಟ್ಟುತ್ತದೆ, ನಿಲ್ಲುತ್ತದೆ. ಅವನು ಕಿವಿಗೊಟ್ಟು ಕೇಳುತ್ತಾನೆ. ಒಂದು ಗೇಣು ಸರಿದು ಮತ್ತೆ ತಟ್ಟುತ್ತಾನೆ. ಎರಡು ಮಧ್ಯಾಹ್ನ ಆ ಬಿಳಿ ಪೆಟ್ಟಿಗೆಯ ಮುಂದೆ ನಾನು ಮಾಡಿದ್ದೂ ಇದನ್ನೇ. ಅವನಿಗೆ ಗಟ್ಟಿ ಸಿಕ್ಕಿದರೆ ಸಂತೋಷವಿಲ್ಲ, ಪೊಳ್ಳು ಸಿಕ್ಕಿದರೆ ದುಃಖವಿಲ್ಲ, ಸೀಮೆಸುಣ್ಣದಿಂದ ಅಲ್ಲೊಂದು ಗುರುತು ಹಾಕಿ ಮುಂದೆ ಹೋಗುತ್ತಾನೆ. ಈಗ ಅವನು ನಮ್ಮ ಬಾಗಿಲಿಗೆ ಇನ್ನು ಆರು ಮೆಟ್ಟಿಲು ಕೆಳಗಿದ್ದಾನೆ. ಮೇಜಿನ ಮೇಲೆ ನನ್ನ ಬೆರಳು ಆ ಸದ್ದನ್ನು ಬರೆದುಕೊಳ್ಳುತ್ತಿದೆ.